ಕ್ಷಮಾಪಣೆಯ ಅಳತೆ

2024ನೆಯ ಏಪ್ರಿಲ್ ತಿಂಗಳಲ್ಲಿ ದೇಶದ ಅತ್ಯುಚ್ಚ ನ್ಯಾಯಸ್ಥಾನದ ಮುಂದೆ ಒಂದು ವಿಚಿತ್ರವಾದ ಪ್ರಶ್ನೆ ಬಂದಿತು. ಕ್ಷಮಾಪಣೆಯೊಂದರ ಉದ್ದಗಲಗಳು ಎಷ್ಟಿರಬೇಕು? ಪತಂಜಲಿ ಆಯುರ್ವೇದ ಕಂಪೆನಿಯವರು ತಮ್ಮ ಔಷಧಗಳ ವಿಷಯದಲ್ಲಿ ಅಳತೆ ಮೀರಿದ ಮಾತುಗಳನ್ನಾಡುವುದಿಲ್ಲವೆಂದು 2023ರ ನವೆಂಬರಿನಲ್ಲಿ ಅದೇ ನ್ಯಾಯಸ್ಥಾನಕ್ಕೆ ವಚನವಿತ್ತು, ಆ ವಚನಕ್ಕೆ ತಪ್ಪಿ, ನ್ಯಾಯಾಲಯ ನಿಂದನೆಯ ಆರೋಪಕ್ಕೆ ಗುರಿಯಾಗಿದ್ದರು. 67 ವೃತ್ತಪತ್ರಿಕೆಗಳಲ್ಲಿ ಕ್ಷಮೆ ಕೋರಿ ಪ್ರಕಟಣೆ ಹೊರಡಿಸಿದ್ದೇವೆಂದು ಅವರ ವಕೀಲರು ಅರಿಕೆ ಮಾಡಿಕೊಂಡಾಗ, ಆ ಪ್ರಕಟಣೆಯು ನಿಮ್ಮ ಎಂದಿನ ಜಾಹೀರಾತುಗಳಷ್ಟು ದೊಡ್ಡದಾಗಿತ್ತೇ ಎಂದು ನ್ಯಾಯಮೂರ್ತಿಗಳು ಕೇಳಿದರು. ಮರುದಿನದ ಪತ್ರಿಕೆಗಳಲ್ಲಿ ಮೊದಲಿನದಕ್ಕಿಂತ ದೊಡ್ಡದಾದ ಕ್ಷಮಾಪಣೆ ಕಾಣಿಸಿಕೊಂಡಿತು. ಆಗಸ್ಟ್ 13ರಂದು ನ್ಯಾಯಸ್ಥಾನವು ಕ್ಷಮೆಯನ್ನು ಅಂಗೀಕರಿಸಿ ನಿಂದನೆಯ ಪ್ರಕರಣವನ್ನು ಮುಗಿಸಿತು.

ಈ ವೃತ್ತಾಂತವನ್ನು ಓದಿ ನಕ್ಕವರು ಅನೇಕರು. ಪತ್ರಿಕೆಯ ಕಸುಬಿನಲ್ಲಿರುವ ನಮಗೆ ಮನಸಾರೆ ನಗಲಾಗಲಿಲ್ಲ. ಜಾಹೀರಾತಿನ ಅಂಕಣವನ್ನು ಅಳೆದು ಮಾರುವವರು ಪತ್ರಿಕೆಯವರು. ಅಪವಾದ ಬಂದ ಮೇಲೆ ಕ್ಷಮಾಪಣೆಯ ಅಂಕಣವನ್ನು ಅಳೆದು ಮಾರುವವರೂ ಪತ್ರಿಕೆಯವರೇ. ಆದರೆ ಅಂಗುಲಗಳಲ್ಲಲ್ಲದೆ ಬೇರೊಂದು ಅಳತೆ ಈ ವಿಷಯಕ್ಕೆ ಇರಲೇಬೇಕಲ್ಲವೆ? ದೊಡ್ಡ ಕಂಪೆನಿಗಳಿಗೂ ಪ್ರಖ್ಯಾತ ಪುರುಷರಿಗೂ ಲೋಕಾಪವಾದ ತಟ್ಟಿದಾಗ ಅವರು ನಡೆದುಕೊಳ್ಳುವ ಬಗೆಯನ್ನು ಆ ದೃಷ್ಟಿಯಿಂದ ಸ್ವಲ್ಪ ಪರಾಮರ್ಶಿಸಬೇಕೆಂದು ನಮಗೆ ತೋರಿದೆ.

ಕೆಟ್ಟ ಹೆಸರನ್ನು ತೊಳೆಯುವುದು ಒಂದು ಸಂಬಳದ ಉದ್ಯೋಗವಾಗಿ ನೂರು ವರ್ಷಗಳಿಗೂ ಮೇಲಾಯಿತು. ಅದರ ಮೂಲಪುರುಷರಲ್ಲೊಬ್ಬನೆಂದು ಹೆಸರಾದವನು ಅಮೆರಿಕದ ಐವಿ ಲೀ. ಈತನು ಮೊದಲು ನಮ್ಮಂತೆಯೇ ಪತ್ರಿಕೆಯ ಬಾತ್ಮೀದಾರನಾಗಿದ್ದವನು. 1906ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಸಿಟಿಯ ಬಳಿ ಪೆನ್ಸಿಲ್ವೇನಿಯಾ ರೈಲು ಕಂಪೆನಿಯ ಗಾಡಿಯು ಸೇತುವೆಯಿಂದ ನೀರಿಗುರುಳಿ ಐವತ್ತಕ್ಕೂ ಹೆಚ್ಚು ಜನರು ಸತ್ತರು. ಇಂಥ ಅಪಘಾತಗಳನ್ನು ಮುಚ್ಚಿಡುವುದೇ ಅಂದಿನ ಕಂಪೆನಿಗಳ ಪದ್ಧತಿ. ಲೀ ಅದನ್ನು ಮುರಿದು, ನಡೆದುದನ್ನು ತಾನೇ ಬರೆದು ಪತ್ರಿಕೆಗಳಿಗೆ ಹಂಚಿದನು. ಸತ್ಯವನ್ನು ಮೊದಲು ನಾವೇ ಹೇಳಿಬಿಡೋಣ ಎಂಬುದು ಅವನ ತತ್ತ್ವ. ಆದರೆ ಎಂಟು ವರ್ಷಗಳು ಕಳೆಯುವುದರೊಳಗೆ ಆ ತತ್ತ್ವಕ್ಕೇ ಪರೀಕ್ಷೆ ಬಂದಿತು. 1914ರ ಏಪ್ರಿಲ್ 20ರಂದು ಕೊಲೊರಾಡೋ ಪ್ರಾಂತದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿದ್ದ ಗಣಿ ಕೂಲಿಗಾರರ ಡೇರೆಗಳಿಗೆ ಬೆಂಕಿ ಬಿದ್ದು, ನೆಲದಡಿಯ ಹಳ್ಳದಲ್ಲಿ ಅಡಗಿದ್ದ ಇಬ್ಬರು ಹೆಂಗಸರೂ ಹನ್ನೊಂದು ಮಂದಿ ಮಕ್ಕಳೂ ಉಸಿರುಕಟ್ಟಿ ಸತ್ತರು. ಗಣಿಯು ರಾಕ್‌ಫೆಲ್ಲರ್ ಮನೆತನದ್ದು. ಅವರ ಪರವಾಗಿ ಲೀ ಹೊರಡಿಸಿದ ಪತ್ರಗಳಲ್ಲಿ ಕೂಲಿಗಾರರ ಮುಖಂಡರು ಪಡೆಯುತ್ತಿದ್ದ ಸಂಬಳವನ್ನು ಹಲವು ಪಟ್ಟು ಹೆಚ್ಚಿಸಿ ಬರೆಯಲಾಗಿತ್ತು. ವಿಚಾರಣಾ ಮಂಡಲಿಯವರು ಕೇಳಿದಾಗ, ಗಣಿಯವರು ಕೊಟ್ಟುದನ್ನು ತಾನು ಪರಿಶೀಲಿಸದೆ ಅಚ್ಚು ಹಾಕಿಸಿದೆನೆಂದು ಅವನು ಒಪ್ಪಿಕೊಂಡನು. ರೈಲಿನ ಅಪಘಾತದಲ್ಲಿ ಸತ್ಯ ಹೇಳಲು ಶಕ್ತನಾದವನು ಧಣಿಯ ದೌರ್ಜನ್ಯದ ಮಾತು ಬಂದಾಗ ಏಕೆ ಅಶಕ್ತನಾದನು? ನಮ್ಮ ಪ್ರಶ್ನೆಯೆಲ್ಲ ಇದರಲ್ಲಿಯೇ ಅಡಗಿದೆ.

ಇಂದು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಆದರ್ಶವೆಂದು ಬೋಧಿಸುವ ಕಥೆ ಬೇರೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1982ರ ಸೆಪ್ಟೆಂಬರ್ ಕೊನೆಯಲ್ಲಿ ಷಿಕಾಗೋ ನಗರದ ಸುತ್ತಮುತ್ತ ಏಳು ಜನರು ಹಠಾತ್ತಾಗಿ ಸತ್ತರು. ಮೊದಲನೆಯವಳು ನೆಗಡಿಯೆಂದು ಗುಳಿಗೆ ನುಂಗಿದ ಹನ್ನೆರಡು ವರ್ಷದ ಬಾಲಕಿ. ಇನ್ನೊಂದು ಮನೆಯಲ್ಲಿ ಅಣ್ಣನು ಸತ್ತ ದುಃಖದಲ್ಲಿ ತಲೆನೋವೆಂದು ತಮ್ಮನೂ ಅವನ ಹೆಂಡತಿಯೂ ಅದೇ ಸೀಸೆಯಿಂದ ಅದೇ ಗುಳಿಗೆ ತೆಗೆದುಕೊಂಡು ಅಣ್ಣನ ಹಾದಿ ಹಿಡಿದರು. ಗುಳಿಗೆಯ ಹೆಸರು ಟೈಲೆನಾಲ್. ತಯಾರಿಸುತ್ತಿದ್ದವರು ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿಯವರು. ಯಾವನೋ ಪಾತಕಿ ಅಂಗಡಿಯ ಸೀಸೆಗಳಲ್ಲಿ ಸಯನೈಡ್ ವಿಷವನ್ನು ಬೆರೆಸಿದ್ದನು. ಅವನು ಯಾರೆಂಬುದು ಇಂದಿಗೂ ಪತ್ತೆಯಾಗಿಲ್ಲ.

ಕಂಪೆನಿಯ ಅಧ್ಯಕ್ಷರಾದ ಜೇಮ್ಸ್ ಬರ್ಕ್ ಮಹಾಶಯರು ಮಾಡಿದುದು ಇಷ್ಟು. ಗುಳಿಗೆಯನ್ನು ನುಂಗಬೇಡಿರೆಂದು ದೇಶಕ್ಕೆಲ್ಲ ಸಾರಿದರು. ವಾಷಿಂಗ್ಟನ್ನಿನ ಅಧಿಕಾರಿಗಳೇ ಅಷ್ಟು ದೂರ ಹೋಗಬೇಕಾಗಿಲ್ಲವೆಂದು ಎಳೆದಾಡುತ್ತಿದ್ದಾಗ, ದೇಶದ ಅಂಗಡಿಗಳಲ್ಲಿದ್ದ 3 ಕೋಟಿ 10 ಲಕ್ಷ ಸೀಸೆಗಳನ್ನು ಹಿಂದಕ್ಕೆ ತರಿಸಿದರು. ಇದಕ್ಕೆ ತಗಲಿದ ವೆಚ್ಚ ಸುಮಾರು 10 ಕೋಟಿ ಡಾಲರು. ನಮ್ಮ ಕಾರಖಾನೆಯಲ್ಲಿ ಸಯನೈಡ್ ಇಲ್ಲವೇ ಇಲ್ಲವೆಂದು ಕಂಪೆನಿಯವರು ಮೊದಲು ಪತ್ರಿಕೆಗಳಿಗೆ ಹೇಳಿದ್ದರು. ಪರೀಕ್ಷಾಶಾಲೆಯಲ್ಲಿ ಸ್ವಲ್ಪ ಇರುವುದೆಂದು ತಿಳಿದೊಡನೆ, ಮೊದಲು ಹೇಳಿದ್ದು ತಪ್ಪೆಂದು ತಾವಾಗಿಯೇ ತಿದ್ದಿಕೊಂಡರು. ಈ ಚಿಕ್ಕ ಸಂಗತಿಯನ್ನು ನಾವು ಆ 10 ಕೋಟಿಗಿಂತ ಹೆಚ್ಚೆಂದು ಎಣಿಸುತ್ತೇವೆ. ನವೆಂಬರಿನಲ್ಲಿ ಮೂರು ಮುದ್ರೆಗಳುಳ್ಳ ಹೊಸ ಸೀಸೆಯಲ್ಲಿ ಔಷಧವು ಅಂಗಡಿಗೆ ಮರಳಿತು. ಪೇಟೆಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿದ್ದು ನೂರಕ್ಕೆ ಏಳೆಂಟಕ್ಕೆ ಕುಸಿದಿದ್ದ ಅದರ ವ್ಯಾಪಾರವು ವರ್ಷ ಕಳೆಯುವುದರೊಳಗೆ ಬಹುಮಟ್ಟಿಗೆ ಹಿಂದಿನ ಮಟ್ಟಕ್ಕೆ ಏರಿತು. ಇಂದು ನಾವು ಔಷಧದ ಸೀಸೆಯ ಬಾಯಿಯ ಮೇಲಿನ ಕಾಗದವನ್ನು ಕಿತ್ತು ಒಳಗಿನ ಗುಳಿಗೆ ತೆಗೆಯುವ ರೂಢಿಗೆ ಆ ಏಳು ಸಾವುಗಳೇ ಬಹುಪಾಲು ಕಾರಣ.

ಕಥೆ ಶ್ಲಾಘ್ಯವಾದುದು, ಸಂದೇಹವಿಲ್ಲ. ಆದರೆ ಪಾಠ ಹೇಳುವ ಮಹನೀಯರು ಒಂದು ಮುಖ್ಯಾಂಶವನ್ನು ಬಿಟ್ಟುಬಿಡುತ್ತಾರೆ. ವಿಷವನ್ನು ಹಾಕಿದ್ದು ಕಂಪೆನಿಯಲ್ಲ. ತಪ್ಪು ಇನ್ನೊಬ್ಬನದಾಗಿರುವಾಗ ಬಾಗಿಲನ್ನು ತೆರೆದಿಡುವುದು ಅಷ್ಟು ಕಷ್ಟವಲ್ಲ. ವಕೀಲನು ಬಂದು ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ. ತಪ್ಪು ತನ್ನದೇ ಆಗಿರುವಾಗ, ಒಪ್ಪಿಕೊಂಡ ಒಂದೊಂದು ಮಾತೂ ನಾಳೆ ನ್ಯಾಯಸ್ಥಾನದಲ್ಲಿ ಸಾಕ್ಷಿಯಾಗುವಾಗ, ಏನು ಮಾಡುವರೆಂಬುದೇ ನಿಜವಾದ ಪರೀಕ್ಷೆ.

ಆ ಪರೀಕ್ಷೆ ಎರಡೇ ವರ್ಷಗಳ ತರುವಾಯ ನಮ್ಮ ನೆಲದ ಮೇಲೆ ನಡೆಯಿತು. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರಖಾನೆಯಿಂದ ಹೊರಟ ವಿಷವಾಯುವಿಗೆ ಬಲಿಯಾದವರ ಸಂಖ್ಯೆ ಸರಕಾರವು ಒಪ್ಪಿದ ಲೆಕ್ಕದಲ್ಲಿಯೇ 5 ಸಾವಿರವನ್ನು ಮೀರುತ್ತದೆ. ಕಂಪೆನಿಯ ಅಧ್ಯಕ್ಷ ವಾರೆನ್ ಆಂಡರ್ಸನ್ ಡಿಸೆಂಬರ್ 7ರಂದು ಭೋಪಾಲಕ್ಕೆ ಬಂದರು, ದಸ್ತಗಿರಿಯಾದರು, ಅದೇ ದಿನ ಜಾಮೀನಿನ ಮೇಲೆ ಬಿಡುಗಡೆ ಹೊಂದಿ ಹೊರಟುಹೋದರು, 2014ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯ ನ್ಯಾಯಸ್ಥಾನಕ್ಕೆ ಮರಳಲಿಲ್ಲ. ಅಷ್ಟು ದೂರದಿಂದ ಆತ ಬಂದರೆಂಬುದನ್ನು ನಾವು ಮರೆಯಬೇಕಾಗಿಲ್ಲ. ಆದರೆ ಬಂದ ಹೆಜ್ಜೆಯ ಹಿಂದೆ ಕಂಪೆನಿಯು ಕಳುಹಿಸಿದ್ದು ವಕೀಲರನ್ನು. ಯಾರೋ ಅತೃಪ್ತ ನೌಕರನು ಬೇಕೆಂದೇ ತೊಟ್ಟಿಗೆ ನೀರು ಬಿಟ್ಟನೆಂಬ ವಾದವನ್ನು ಹೂಡಿ, 1988ರಲ್ಲಿ ಅದಕ್ಕೆ ಸಲಹೆಗಾರರ ಒಂದು ವರದಿಯ ಆಧಾರವನ್ನು ಒದಗಿಸಿದರು. ಷಿಕಾಗೋದಲ್ಲಿ ನಿಜವಾಗಿಯೂ ಇದ್ದ ಆ ಅಜ್ಞಾತ ಪಾತಕಿಯನ್ನು ಭೋಪಾಲದಲ್ಲಿ ಸೃಷ್ಟಿಸಿಕೊಳ್ಳಬೇಕಾಯಿತೆಂದು ನಮಗನಿಸುತ್ತದೆ. 1989ರಲ್ಲಿ 47 ಕೋಟಿ ಡಾಲರುಗಳಿಗೆ ರಾಜಿಯಾಯಿತು. ಪರಿಹಾರವು ಸಾಲದೆಂದು ಸರಕಾರ ಹಾಕಿದ ಕೊನೆಯ ಅರ್ಜಿಯನ್ನು 2023ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಕಾರಖಾನೆಯ ಅಂಗಳದಲ್ಲಿ ಉಳಿದಿದ್ದ 337 ಟನ್ ವಿಷದ ಕಸವು ಅಲ್ಲಿಂದ ಹೊರಬಿದ್ದುದು 2025ರ ಜನವರಿಯಲ್ಲಿ, ನಲವತ್ತು ವರ್ಷಗಳಾದ ಮೇಲೆ.

ತಪ್ಪು ಯಾರದೆಂಬುದೇ ನಿರ್ಧಾರವಾಗದಿದ್ದರೆ? ಅದಕ್ಕೂ ನಮ್ಮಲ್ಲಿ ಉದಾಹರಣೆಯುಂಟು. ನಮ್ಮ ನಂಜನಗೂಡಿನಲ್ಲಿಯೂ ಕಾರಖಾನೆಯುಳ್ಳ ನೆಸ್ಲೆ ಕಂಪೆನಿಯವರ ಮ್ಯಾಗಿ ಶ್ಯಾವಿಗೆಯಲ್ಲಿ ಸೀಸವು ಮಿತಿಮೀರಿದೆಯೆಂದು ಕಲ್ಕತ್ತೆಯ ಪ್ರಯೋಗಶಾಲೆ ವರದಿ ಮಾಡಿತು. 2.5 ಪಾಲು ಇರಬಹುದಾದ ಕಡೆ, ಹತ್ತು ಲಕ್ಷದಲ್ಲಿ 17.2 ಪಾಲು. ಕಂಪೆನಿಯು ಹಲವು ದಿನಗಳ ಕಾಲ ತನ್ನ ಪರೀಕ್ಷೆಗಳ ಅಂಕೆಗಳನ್ನೇ ಮುಂದೊಡ್ಡುತ್ತ ಕುಳಿತಿತು. ಮಗುವಿನ ತಟ್ಟೆಯನ್ನು ಹಿಡಿದು ನಿಂತ ತಾಯಿ ಕೇಳುವುದು ಅಂಕೆಯನ್ನಲ್ಲ. ಈಗ ಬಡಿಸಲೋ ಬೇಡವೋ ಎಂಬುದನ್ನು. 2015ರ ಜೂನ್ 5ರಂದು ಸರಕಾರದ ಆಜ್ಞೆಯೂ ಕಂಪೆನಿಯ ನಿರ್ಧಾರವೂ ಒಂದೇ ದಿನ ಹೊರಬಿದ್ದು, 27 ಸಾವಿರ ಟನ್ನಿಗೂ ಮಿಕ್ಕ ಶ್ಯಾವಿಗೆಯು ಸಿಮೆಂಟು ಕಾರಖಾನೆಗಳ ಒಲೆಗಳಿಗೆ ಸೇರಿತು. ಆಮೇಲೆ ಗೋವೆಯವರು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯಕ್ಕೆ ಕಳುಹಿಸಿದ ಮಾದರಿಗಳಲ್ಲಿ ದೋಷ ಕಾಣಲಿಲ್ಲ. ಆಗಸ್ಟ್ 13ರಂದು ಬೊಂಬಾಯಿ ಹೈಕೋರ್ಟು ನಿಷೇಧವನ್ನು ತೆಗೆದು ಮೂರು ಕಡೆ ಹೊಸ ಪರೀಕ್ಷೆಗೆ ಅಪ್ಪಣೆಯಿತ್ತಿತು. ನವೆಂಬರಿನಲ್ಲಿ ಮಾರಾಟ ಮರಳಿ ನಡೆಯಿತು. 640 ಕೋಟಿ ರೂಪಾಯಿಗಳಿಗೆ ಸರಕಾರ ಹೂಡಿದ ದಾವೆಯು 2024ರಲ್ಲಿ ವಜಾ ಆಯಿತು. ಕಾಗದದ ಮೇಲೆ ಕಂಪೆನಿ ಗೆದ್ದಿತು. ಆದರೂ ಮೊದಲ ವಾರವೇ ಅಂಗಡಿಗಳಿಂದ ಸರಕನ್ನು ತೆಗೆದಿಟ್ಟು, ಪರೀಕ್ಷೆ ಮುಗಿಯಲೆಂದಿದ್ದರೆ ಅದೇ ಸರಕು ಸುಡುವ ಪ್ರಸಂಗ ಬರುತ್ತಿರಲಿಲ್ಲವೋ ಏನೋ. ಸರಕಾರದ ಪ್ರಯೋಗಶಾಲೆಗಳು ಒಂದಕ್ಕೊಂದು ತಾಳೆಯಾಗದಿದ್ದುದು ಸಾರ್ವಜನಿಕರಿಗಾದ ಇನ್ನೊಂದು ಅನ್ಯಾಯ. ಅಧಿಕಾರದಲ್ಲಿರುವ ನಮ್ಮ ವಾಚಕರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಷಿಕಾಗೋದ ಆದರ್ಶ ಕಂಪೆನಿಯ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಅದರ ಪ್ರಸಿದ್ಧವಾದ ಮಕ್ಕಳ ಪೌಡರಿನಲ್ಲಿ ಕೆಲವು ಸಲ ಅಲ್ಪಪ್ರಮಾಣದ ಆಸ್ಬೆಸ್ಟಾಸ್ ಕಂಡುಬಂದುದು ಕಂಪೆನಿಗೆ ದಶಕಗಳಿಂದ ತಿಳಿದಿತ್ತೆಂದು 2018ರಲ್ಲಿ ರಾಯಿಟರ್ ಸಂಸ್ಥೆ ಪ್ರಕಟಿಸಿತು. ಪೌಡರಿನಿಂದ ಕ್ಯಾನ್ಸರ್ ಬರುವುದಿಲ್ಲವೆಂಬುದು ಕಂಪೆನಿಯ ವಾದ. ಆ ವಾದದ ಸತ್ಯಾಸತ್ಯತೆಯನ್ನು ನಿರ್ಣಯಿಸತಕ್ಕವರು ನಾವಲ್ಲ. ಆದರೆ ಸಾವಿರಾರು ಮೊಕದ್ದಮೆಗಳು ಬಂದಾಗ ಅದು ಹಿಡಿದ ದಾರಿಯೇನು? ಹೊಣೆಯನ್ನೆಲ್ಲ ಒಂದು ಹೊಸ ಉಪಕಂಪೆನಿಗೆ ವರ್ಗಾಯಿಸಿ, ಆ ಉಪಕಂಪೆನಿ ದಿವಾಳಿಯೆಂದು ಅರ್ಜಿ ಹಾಕಿಸಿದುದು! 2021ರಲ್ಲಿ ಆರಂಭವಾದ ಈ ಉಪಾಯವನ್ನು ನ್ಯಾಯಸ್ಥಾನಗಳು ಮೂರು ಸಲ ತಿರಸ್ಕರಿಸಿದವು. ಕೊನೆಯದು 2025ರ ಮಾರ್ಚಿಯಲ್ಲಿ. ಬರ್ಕ್ ಮಹಾಶಯರ ಮನೆಯೇ ಇದು. ತಪ್ಪಿನ ಬೆರಳು ಹೊರಗಿನವನ ಕಡೆಯಿಂದ ಮನೆಯ ಒಳಕ್ಕೆ ತಿರುಗಿದಾಗ ತೆರೆದ ಬಾಗಿಲು ಮುಚ್ಚಿತು.

ನಟರ ಮತ್ತು ಆಟಗಾರರ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅವರು ಮಾರುವುದು ತಮ್ಮ ಮುಖವನ್ನು. 2021ರ ಅಕ್ಟೋಬರಿನಲ್ಲಿ ಅಮಿತಾಭ್ ಬಚ್ಚನ್ನರು ಪಾನ್ ಮಸಾಲೆಯ ಜಾಹೀರಾತೊಂದನ್ನು ಬಿಟ್ಟು, ಪಡೆದ ಹಣವನ್ನು ಹಿಂದಿರುಗಿಸಿದರೆಂದು ಅವರ ಕಚೇರಿ ತಿಳಿಸಿತು. 2022ರ ಏಪ್ರಿಲಿನಲ್ಲಿ ಅಕ್ಷಯ ಕುಮಾರರು ಅಂಥದೇ ಒಂದು ಜಾಹೀರಾತಿಗಾಗಿ ಕ್ಷಮೆ ಬೇಡಿ, ಬಂದ ಹಣವನ್ನು ಸತ್ಕಾರ್ಯಕ್ಕೆ ಕೊಡುವುದಾಗಿ ಹೇಳಿದರು; ಕರಾರಿನ ಅವಧಿ ಇರುವವರೆಗೆ ಜಾಹೀರಾತು ಮುಂದುವರಿಯಬಹುದೆಂದೂ ಸೇರಿಸಿದರು. ಎರಡು ಕ್ಷಮೆಗಳ ತಾರತಮ್ಯವನ್ನು ವಾಚಕರೇ ತೂಗಿ ನೋಡಬಹುದು. ಸುಳ್ಳು ಜಾಹೀರಾತಿಗೆ ಮುಖ ಕೊಟ್ಟವರಿಗೆ ಮೊದಲ ಸಲ 10 ಲಕ್ಷ, ಮರಳಿ ಮಾಡಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡವನ್ನು 2019ರ ಗ್ರಾಹಕ ಸಂರಕ್ಷಣಾ ಶಾಸನವು ವಿಧಿಸುತ್ತದೆ. ಸರಕಿನ ಗುಣವನ್ನು ತಕ್ಕಷ್ಟು ವಿಚಾರಿಸಿಕೊಂಡಿದ್ದವರಿಗೆ ವಿನಾಯಿತಿಯಿದೆ.

ಹೀಗೆ ವಿಚಾರಿಸುವ ಹೊಣೆಯನ್ನು ನಟನಿಗೆ ಹೊರಿಸಿದ ಮೇಲೆ ಪತ್ರಿಕೆಗೆ ಹೊರಿಸದಿರಲಾದೀತೆ? ಪತಂಜಲಿಯ ಪ್ರಕರಣದಲ್ಲಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಜಾಹೀರಾತು ಕೊಡುವವರು ಅದರಲ್ಲಿ ಸುಳ್ಳಿಲ್ಲವೆಂಬ ಘೋಷಣಾ ಪತ್ರವನ್ನು ಮುಂಚಿತವಾಗಿ ಸಲ್ಲಿಸಬೇಕೆಂದು ಆಜ್ಞಾಪಿಸಿತು. ಆಗ ಉದ್ಯಮದ ಕಡೆಯಿಂದ ಎದ್ದ ಗೊಣಗಾಟದಲ್ಲಿ ಪತ್ರಿಕೆಗಳ ಧ್ವನಿ ಸೇರಿರಲಿಲ್ಲವೆಂದು ನಾವು ಹೇಳಲಾರೆವು. ರೋಗ ವಾಸಿಯೆಂದು ಸಾರಿದ ಜಾಹೀರಾತಿಗೆ ಸಂದ ಹಣವೂ, ಆ ಮಾತಿಗಾಗಿ ಕ್ಷಮೆ ಕೋರಿದ ಪ್ರಕಟಣೆಗೆ ಸಂದ ಹಣವೂ ಆ 67 ಪತ್ರಿಕೆಗಳ ಪೈಕಿ ಎಷ್ಟರ ಲೆಕ್ಕದ ಪುಸ್ತಕದಲ್ಲಿ ಒಂದೇ ಶೀರ್ಷಿಕೆಯ ಕೆಳಗೆ ಜಮೆಯಾಗಿದೆಯೋ, ಅವುಗಳ ಒಡೆಯರು ಒಮ್ಮೆ ಪುಟ ತಿರುವಿ ನೋಡಲಿ.