ಇಂಡಿಯಾನಾ ಸಂಸ್ಥಾನದ ಚೆಂಡಾಟಗಾರರು

ಅಮೇರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಇಂಡಿಯಾನಾ ಎಂಬುದೊಂದು. ಮುಸುಕಿನ ಜೋಳ ಬೆಳೆಯುವ ಬಯಲುಸೀಮೆ. ಬ್ಯಾಸ್ಕೆಟ್‌ಬಾಲ್ ಆಟವು 1891ರಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಹುಟ್ಟಿತಾದರೂ ಆಳವಾಗಿ ಬೇರೂರಿದುದು ಈ ನೆಲದಲ್ಲಿ. ಅಲ್ಲಿಯ ಹೈಸ್ಕೂಲುಗಳ ಪಂದ್ಯಾವಳಿಯಲ್ಲಿ 1997ರವರೆಗೂ ಹಿರಿಯ ಶಾಲೆ ಕಿರಿಯ ಶಾಲೆಯೆಂಬ ವಿಭಾಗವಿರಲಿಲ್ಲ. ಸಂಸ್ಥಾನಕ್ಕೆಲ್ಲ ವಿಜೇತರು ಒಬ್ಬರೇ. 1954ರಲ್ಲಿ ಕೇವಲ 161 ವಿದ್ಯಾರ್ಥಿಗಳಿದ್ದ ಮಿಲನ್ ಎಂಬ ಸಣ್ಣ ಊರಿನ ಶಾಲೆಯು ಮನ್ಸಿ ಸೆಂಟ್ರಲ್ ಶಾಲೆಯನ್ನು 32–30ರಿಂದ ಸೋಲಿಸಿತು. ಕೊನೆಯ ಗಳಿಗೆಯಲ್ಲಿ ಚೆಂಡನ್ನು ಬುಟ್ಟಿಗೆ ಸೇರಿಸಿದ ಬಾಬಿ ಪ್ಲಂಪನು ಮನೆಮಾತಾದನು. 1986ರಲ್ಲಿ ಈ ಸಂಗತಿಯಿಂದ ಸ್ಫೂರ್ತಿ ಪಡೆದ ಚಲನಚಿತ್ರವೂ ಬಂದಿತು.

ನಾವು ವಾಚಕರ ಲಕ್ಷ್ಯಕ್ಕೆ ತರಬಯಸುವುದು ಅದರ ಮರುವರ್ಷದ ಕಥೆಯನ್ನು. ಆ ಸಂಸ್ಥಾನದ ರಾಜಧಾನಿಯಾದ ಇಂಡಿಯಾನಾಪೊಲಿಸಿನಲ್ಲಿ ಕಪ್ಪು ಮಕ್ಕಳನ್ನು ಬೇರ್ಪಡಿಸುವುದಕ್ಕಾಗಿಯೇ 1927ರಲ್ಲಿ ಒಂದು ಹೈಸ್ಕೂಲನ್ನು ತೆರೆದರು. 1770ರಲ್ಲಿ ಬಾಸ್ಟನ್ನಿನಲ್ಲಿ ಬ್ರಿಟಿಷ್ ಸಿಪಾಯಿಗಳ ಗುಂಡಿಗೆ ಬಲಿಯಾದ ಕ್ರಿಸ್ಪಸ್ ಅಟಕ್ಸನ ಹೆಸರನ್ನು ಆ ಶಾಲೆಗೆ ಇಟ್ಟರು. ಸ್ವಾತಂತ್ರ್ಯಕ್ಕಾಗಿ ರಕ್ತ ಸುರಿಸಿದವನ ಹೆಸರು ಬೇಕಾಯಿತು; ಅವನ ಜನರ ಮಕ್ಕಳು ಪಕ್ಕದಲ್ಲಿ ಕೂರುವುದು ಬೇಡವಾಯಿತು! 1942ರವರೆಗೆ ಈ ಶಾಲೆಗೆ ಸಂಸ್ಥಾನದ ಪಂದ್ಯಾವಳಿಯಲ್ಲಿ ಪ್ರವೇಶವೇ ಇರಲಿಲ್ಲ.

ಇಂತಹ ಶಾಲೆಯಲ್ಲಿ ರೇ ಕ್ರೋ ಎಂಬ ಶಿಕ್ಷಕರ ಕೈಕೆಳಗೆ ಆಸ್ಕರ್ ರಾಬರ್ಟ್‌ಸನ್ ಎಂಬ ಬಡ ಹುಡುಗನು ಪಳಗಿದನು. 1954ರಲ್ಲಿ ಮಿಲನ್ ಶಾಲೆಗೆ ಸೋತ ತಂಡಗಳಲ್ಲಿ ಇವನದೂ ಒಂದು. 1955ರಲ್ಲಿ ಅಟಕ್ಸ್ ಶಾಲೆಯು ಗ್ಯಾರಿ ರೂಸ್‌ವೆಲ್ಟ್ ಶಾಲೆಯನ್ನು 97–74ರಿಂದ ಗೆದ್ದು ಕಿರೀಟವನ್ನು ಧರಿಸಿತು. ರಾಜಧಾನಿಯ ಶಾಲೆಯೊಂದಕ್ಕೆ ಈ ಗೌರವವು ದೊರೆತುದು ಅದೇ ಮೊದಲು. ಊರೇ ಹಬ್ಬ ಮಾಡಬೇಕಾಗಿದ್ದ ದಿನ. ಆದರೆ ನಡೆದುದೇನು? ಊರ ನಡುವಣ ಸ್ಮಾರಕ ವೃತ್ತವನ್ನು ಸುತ್ತಿಸಿ, ಹುಡುಗರನ್ನು ಅಲ್ಲಿ ನಿಲ್ಲಗೊಡದೆ, ಕಪ್ಪು ಜನರ ಕೇರಿಯ ಉದ್ಯಾನಕ್ಕೆ ಸಾಗಿಸಿದರು. ಗಲಭೆಯಾದೀತೆಂಬುದು ನೆಪ! ರಾಬರ್ಟ್‌ಸನ್ನನು ಉತ್ಸವದ ನಡುವೆಯೇ ಮನೆಗೆ ಹೊರಟುಹೋದನು. ಈ ನೋವನ್ನು ಆತನು ಮುಪ್ಪಿನಲ್ಲಿಯೂ ಮರೆಯಲಿಲ್ಲ. ಮರೆಯಬೇಕೆಂದು ಹೇಳುವ ಅಧಿಕಾರ ಯಾರಿಗಿದೆ?

ಮರುವರ್ಷ ಅಟಕ್ಸ್ ಶಾಲೆಯು ಒಂದು ಪಂದ್ಯವನ್ನೂ ಸೋಲದೆ ಮತ್ತೆ ಗೆದ್ದಿತು. ಆ ಸಂಸ್ಥಾನದಲ್ಲಿ ಹಾಗೆ ಗೆದ್ದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ರಾಬರ್ಟ್‌ಸನ್ನನು ನೆರೆಯ ಓಹಾಯೋ ಸಂಸ್ಥಾನದ ಸಿನ್ಸಿನಾಟಿ ವಿಶ್ವವಿದ್ಯಾಲಯವನ್ನು ಸೇರಿ, ಮೂರು ವರ್ಷವೂ ದೇಶದ ಕಾಲೇಜು ಆಟಗಾರರಲ್ಲಿ ಅಂಕಗಳಿಕೆಯಲ್ಲಿ ಅಗ್ರಗಣ್ಯನಾಗಿ, 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನವನ್ನು ತಂದನು.

ಬಿಳಿಯರಲ್ಲಿಯೂ ಬಡತನದಿಂದ ಮೇಲೆದ್ದವರಿಲ್ಲದಿಲ್ಲ. ಫ್ರೆಂಚ್ ಲಿಕ್ ಎಂಬ ಊರಿನ ಲ್ಯಾರಿ ಬರ್ಡ್ 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯವನ್ನು ಒಂದು ತಿಂಗಳೊಳಗೆ ಬಿಟ್ಟು ಬಂದು ಊರಿನಲ್ಲಿ ಕೂಲಿಯ ಕೆಲಸ ಮಾಡಿದನು. ಬಳಿಕ ಇಂಡಿಯಾನಾ ಸ್ಟೇಟ್ ಸೇರಿ, ಅದನ್ನು 1979ರಲ್ಲಿ ಸತತ 33 ಗೆಲುವುಗಳೊಡನೆ ಅಂತಿಮ ಪಂದ್ಯಕ್ಕೆ ಒಯ್ದನು. ಅಲ್ಲಿ ಮ್ಯಾಜಿಕ್ ಜಾನ್ಸನ್ನನ ಮಿಷಿಗನ್ ಸ್ಟೇಟ್ ತಂಡವು 75–64ರಿಂದ ಗೆದ್ದಿತು.

ಬಿಲ್ ಗ್ಯಾರೆಟ್ಟನ ಹೆಸರನ್ನು ಹೇಳದೆ ಬಿಡಲಾಗದು. 1947ರಲ್ಲಿ ಶೆಲ್ಬಿವಿಲ್ ಶಾಲೆಗೆ ಕಿರೀಟ ತಂದುಕೊಟ್ಟ ಈ ಕಪ್ಪು ತರುಣನು ಇಂಡಿಯಾನಾ ವಿಶ್ವವಿದ್ಯಾಲಯದ ತಂಡವನ್ನು ಸೇರಿ, ಆ ವಿದ್ಯಾಲಯಗಳ ಕೂಟದಲ್ಲಿ ಬರೆಯದೆಯೇ ನಡೆದುಬಂದಿದ್ದ ನಿಷೇಧವನ್ನು ಮುರಿದನು. ಮುಂದೆ ಅವನೇ ಅಟಕ್ಸ್ ಶಾಲೆಯ ತರಬೇತುದಾರನಾಗಿ 1959ರಲ್ಲಿ ಅದಕ್ಕೆ ಮೂರನೆಯ ಕಿರೀಟವನ್ನು ತೊಡಿಸಿದನು.