ಲಕ್ಕುಂಡಿಯ ಮುಸುಕಿನ ಬಾವಿ

ಇಂಗ್ಲೆಂಡಿನ ಬಾತ್ ನಗರದಲ್ಲಿ ಸುಮಾರು 46 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ನೆಲದಿಂದ ತಾನಾಗಿ ಉಕ್ಕುತ್ತದೆ. ರೋಮನರು ಅಲ್ಲಿ ಸ್ನಾನಗೃಹಗಳನ್ನು ಕಟ್ಟಿದರು. ನಮ್ಮ ಗದಗ ಸೀಮೆಗೆ ಆ ಭಾಗ್ಯವಿಲ್ಲ. ಇಲ್ಲಿ ಮಳೆ ಕಡಿಮೆ. ನೀರನ್ನು ದುಡಿದು ಗಳಿಸಬೇಕು. ಅದರ ಬಗೆಯನ್ನು ನಾನು ಲಕ್ಕುಂಡಿಯಲ್ಲಿ ಕಂಡೆನು.

ಅಡರಕಟ್ಟಿಯಿಂದ ಲಕ್ಷ್ಮೇಶ್ವರ, ಗದಗ ಮಾರ್ಗವಾಗಿ ಇದು ಒಂದು ದಿನದ ಪ್ರವಾಸ. 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರಿದು. ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿಗೆ ಮೂರು ಕಡೆ ಕಲ್ಲಿನ ಮೆಟ್ಟಿಲುಗಳಿವೆ. ಮಳೆಗಾಲದಲ್ಲಿ ನೀರು ಏರಲಿ, ಬೇಸಿಗೆಯಲ್ಲಿ ಇಳಿಯಲಿ, ಹಗ್ಗ-ಕೊಡಗಳಿಲ್ಲದೆಯೇ ಅದು ಕೈಗೆ ನಿಲುಕುವಂತೆ ಈ ಏರ್ಪಾಡು.

ಓದು ಕಾಣದ ನಮ್ಮ ಹಿರಿಯರು ಹನಿ ನೀರಿನ ಬೆಲೆಯನ್ನು ಬಲ್ಲರು. ಪದವೀಧರರಾಗಲಿರುವ ನಾವು ನಮ್ಮೂರ ಕೆರೆ-ಬಾವಿಗಳ ಹೂಳೆತ್ತಲು ಮುಂದಾಗದಿದ್ದರೆ, ಇತಿಹಾಸವನ್ನೋದಿ ಫಲವೇನು?