ಮುರುಗಲ ತುಪ್ಪಕ್ಕೆ ನೀರು ಒಗ್ಗಿಸುವ ಬಗೆ

ಮುರುಗಲ ತುಪ್ಪ ಕರಗಿಸಿ, ಗುಲಾಬಿ ನೀರು ಸುರಿದು ಮಿಕ್ಸಿಯಲ್ಲಿ ತಿರುಗಿಸಿದರೆ ಬೆಣ್ಣೆಯಂಥ ಬಿಳಿ ಕ್ರೀಮ್ ಬರುತ್ತದೆ. ಬೆಳಗಾಗುವಷ್ಟರಲ್ಲಿ ಡಬ್ಬಿಯ ತಳದಲ್ಲಿ ನೀರು, ಮೇಲೆ ಗಟ್ಟಿ ಹೆಪ್ಪು. ಮನೆಯಲ್ಲೇ ಕ್ರೀಮ್ ಮಾಡಹೊರಟವರು ಮೊದಲು ಕೇಳುವುದೇ ಇದನ್ನು: ತಪ್ಪಿದ್ದೆಲ್ಲಿ?

ಮಿಕ್ಸಿಯದೇನೂ ತಪ್ಪಿಲ್ಲ. ಎಣ್ಣೆಗೂ ನೀರಿಗೂ ಸಂಧಾನ ಮಾಡಿಸುವ ಎಮಲ್ಸಿಫೈಯರ್ ಅದರಲ್ಲಿಲ್ಲ, ಅಷ್ಟೆ. ಈ ಅಣುವಿನ ಒಂದು ತುದಿ ನೀರನ್ನು ಹಿಡಿದರೆ ಇನ್ನೊಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ. ಎಣ್ಣೆಯ ಪ್ರತಿ ಹನಿಯನ್ನೂ ಸುತ್ತುವರಿದು, ಹನಿಗಳು ಮತ್ತೆ ಒಂದಾಗದಂತೆ ಕಾಯುತ್ತದೆ. ಸೋಯಾ, ಸೂರ್ಯಕಾಂತಿಗಳ ಲೆಸಿಥಿನ್ ಇಂಥದ್ದು. ಆಲಿವ್ ಎಣ್ಣೆಯಿಂದ ತಯಾರಾಗುವ, ಮೇಣದ ಚೂರಿನಂತಿರುವ ಎಮಲ್ಸಿಫೈಯರ್ ಮನೆಯ ಕ್ರೀಮಿಗೆ ಇನ್ನೂ ಸಲೀಸು.

ಜೇನುಮೇಣವೇ ಸಾಕೆಂಬ ನಂಬಿಕೆಗೆ ಬಹಳ ವಯಸ್ಸಾಗಿದೆ. 2ನೇ ಶತಮಾನದ ವೈದ್ಯ ಗ್ಯಾಲೆನ್‌ನ ಹೆಸರಿಗೆ ಅಂಟಿಕೊಂಡಿರುವ ಕ್ರೀಮಿನಲ್ಲಿ ಇದ್ದದ್ದು ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿ ನೀರು. ಹಚ್ಚಿದೊಡನೆ ನೀರು ಬಿಟ್ಟುಕೊಂಡು, ಆರುತ್ತ ಚರ್ಮವನ್ನು ತಂಪಾಗಿಸುತ್ತಿತ್ತು; ಕೋಲ್ಡ್ ಕ್ರೀಮ್ ಎಂಬ ಹೆಸರಿನ ಮೂಲ ಆ ತಂಪೇ. ಮೇಣ ಕ್ರೀಮನ್ನು ಗಟ್ಟಿ ಮಾಡುತ್ತದೆ, ಒಗ್ಗಿಸುವುದಿಲ್ಲ.

ಇನ್ನು ನಿಜವಾದ ಸೋಜಿಗ. ಬೆರಳಿಗೆ ಬೆಣ್ಣೆಯಂತೆ ಹತ್ತುವ 100 ಗ್ರಾಂ ಕ್ರೀಮಿನಲ್ಲಿ ಸುಮಾರು 70 ಗ್ರಾಂ ನೀರೇ! ಎಣ್ಣೆ ಮತ್ತು ತುಪ್ಪ 23 ಗ್ರಾಂ, ಎಮಲ್ಸಿಫೈಯರ್ 6 ಗ್ರಾಂ, ಸಂರಕ್ಷಕ 1 ಗ್ರಾಂ. ನೀರನ್ನೂ ಎಣ್ಣೆಯನ್ನೂ ಬೇರೆ ಬೇರೆಯಾಗಿ 70–75 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕೂಡಿಸಿ ಕಡೆದರೆ ಕಣ್ಣೆದುರೇ ಬಿಳುಪು ಏಳುತ್ತದೆ. ನೀರು ಬಿಳಿಯಲ್ಲ, ಎಣ್ಣೆಯೂ ಬಿಳಿಯಲ್ಲ. ಲೆಕ್ಕವಿಲ್ಲದಷ್ಟು ಸಣ್ಣ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಬಂದ ಬಣ್ಣ ಅದು. ಹಾಲು ಬೆಳ್ಳಗಿರುವುದಕ್ಕೂ ಮುಖ್ಯವಾಗಿ ಇದೇ ಕಾರಣ. ಕಡೆಗೋಲು ಮಾಡುವುದು ಇದರ ತಿರುಗುಮುರುಗು: ನೀರಿನೊಳಗಿದ್ದ ಜಿಡ್ಡಿನ ಹನಿಗಳನ್ನು ಒಡೆದು ಕೂಡಿಸಿ, ಜಿಡ್ಡಿನೊಳಗೆ ನೀರಿನ ಹನಿ ಸಿಕ್ಕಿಕೊಂಡ ಬೆಣ್ಣೆಯನ್ನು ಎಬ್ಬಿಸುತ್ತದೆ.

ನೀರಿದ್ದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬಂದೇ ಬರುತ್ತವೆ. ‘ಕೆಮಿಕಲ್ ಬೇಡ, ವಿಟಮಿನ್ ಇ ಹಾಕಿದರೆ ಕೆಡುವುದಿಲ್ಲ’ ಎಂಬ ಮಾತು ಶುದ್ಧ ತಪ್ಪು. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ತಡ ಮಾಡೀತು, ಸೂಕ್ಷ್ಮಜೀವಿಗಳನ್ನು ತಡೆಯಲಾರದು. ಲೋಳೆಸರದ ತಿಳಿ ಸೇರಿಸಿದರಂತೂ ಅವಕ್ಕೆ ಊಟ ಬಡಿಸಿದಂತೆ. ಕಣ್ಣಿಗೆ ಬೂಷ್ಟು ಕಾಣುವ ಮೊದಲೇ ಕ್ರೀಮ್ ಕೆಟ್ಟಿರಬಹುದು, ಬಿರಿದ ಚರ್ಮಕ್ಕೆ ಅದು ಅಪಾಯ. ಕ್ರೀಮ್ ಆರಿದ ಮೇಲೆ ತಕ್ಕ ಸಂರಕ್ಷಕವನ್ನು ತೂಗಿಯೇ ಹಾಕಬೇಕು.

ಸಂರಕ್ಷಕ ಬೇಡವೇ ಬೇಡ ಎನ್ನುವವರು ನೀರನ್ನೇ ಬಿಡಲಿ. ಮುರುಗಲ ಬೀಜ ಕುಟ್ಟಿ, ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಪಶ್ಚಿಮ ಘಟ್ಟದ ಮನೆಗಳಲ್ಲಿ ಗಟ್ಟಿ ಮಾಡಿಟ್ಟುಕೊಳ್ಳುವ ತುಪ್ಪ ಹೆಚ್ಚುಕಡಿಮೆ ಮೈಬಿಸಿಗೇ ಮೆತ್ತಗಾಗುತ್ತದೆ. ಒಡೆದ ಹಿಮ್ಮಡಿಗೆ ಅದನ್ನು ಹಾಗೆಯೇ ತಿಕ್ಕಿಕೊಳ್ಳಿ.